ಎದುರುಮನೆ ನಾಯಿ ಗಾಡಿಯವರನ್ನು ಅಟ್ಟಿಸಿಕೊಂಡು ಹೋಗುತ್ತದೆ, ಜಗಳ ಇಲ್ಲದೆ ನಿಲ್ಲಿಸೋದು ಹೇಗೆ?

ವಿದ್ಯಾರಣ್ಯಪುರ ಟೈಲರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೆಷಿನ್ ಇರುವುದು ರಸ್ತೆ ಕಡೆಯ ಕಿಟಕಿ ಪಕ್ಕ. ಹಾಗಾಗಿ ನಮ್ಮ ಕ್ರಾಸಿನಲ್ಲಿ ಏನು ನಡೆದರೂ ಕಣ್ಣಿಗೆ ಬೀಳುತ್ತದೆ. ಎದುರುಮನೆಯಲ್ಲಿ ರಿಟೈರ್ ಆದ ಅಂಕಲ್, ಆಂಟಿ ಇದ್ದಾರೆ. ಅವರ ಮಗ ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ನಾಯಿಯನ್ನು ಇವರ ಹತ್ತಿರ ಬಿಟ್ಟು ಹೋದ. ಮುಧೋಳ ನಾಯಿ, ಭೀಮ ಅಂತ ಹೆಸರು. ಎತ್ತರ, ತೆಳ್ಳಗೆ, ಉದ್ದುದ್ದ ಕಾಲು. ನೋಡೋಕೆ ತುಂಬಾ ಚೆಂದ. ಅಂಕಲ್‌ಗೆ ಮೊಣಕಾಲಿನ ಆಪರೇಷನ್ ಆಗಿದೆ, ವಾಕಿಂಗ್ ಕರೆದುಕೊಂಡು ಹೋಗೋಕೆ ಆಗಲ್ಲ. ಬೆಳಗ್ಗೆ, ಸಂಜೆ ಗೇಟು ತೆಗೆದು ಬಿಡುತ್ತಾರೆ. ಅದೇ ಹೋಗಿ ಬರುತ್ತದೆ. ಮಿಕ್ಕ ಹೊತ್ತೆಲ್ಲ ಗೇಟಿನೊಳಗೆ.

ಒಳಗೆ ಅನ್ನೋದು ಹೆಸರಿಗಷ್ಟೇ. ಆ ಗೇಟಿನ ಅಗುಳಿ ಸವೆದು ಸಡಿಲವಾಗಿದೆ. ಭೀಮ ಗ್ರಿಲ್ ಸಂದಿಯಲ್ಲಿ ಮೂತಿ ತೂರಿಸಿ ಅಗುಳಿಯನ್ನು ಮೇಲಕ್ಕೆ ಎತ್ತುತ್ತದೆ, ಆಮೇಲೆ ತಲೆಯಿಂದ ಒಂದು ಸಲ ನೂಕಿದರೆ ಗೇಟು ತೆರೆದುಕೊಳ್ಳುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ. ಅವರ ಮನೆಗಿಂತ ಸ್ವಲ್ಪ ಮೊದಲು ಒಂದು ಹಂಪ್ ಇದೆ. ಭೀಮ ಗೇಟಿನ ಕೆಳಗೆ ಗದ್ದ ಊರಿಕೊಂಡು ಮಲಗಿರುತ್ತದೆ. ಗಾಡಿ ಹಂಪ್ ಇಳಿದು ಆಕ್ಸಿಲರೇಟರ್ ಕೊಟ್ಟ ಸದ್ದು ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ನಾನು ಸೂಜಿಯಿಂದ ಕಣ್ಣೆತ್ತುವಷ್ಟರಲ್ಲಿ ರಸ್ತೆಯಲ್ಲಿರುತ್ತದೆ. ನಡೆದು ಹೋಗುವವರ ತಂಟೆಗೆ ಹೋಗಲ್ಲ. ಸ್ಕೂಟರ್, ಬೈಕ್, ಸೈಕಲ್ ಕಂಡರೆ ಮಾತ್ರ ಕಾಲಿನ ಪಕ್ಕಕ್ಕೇ ಹೋಗಿ ಬೊಗಳುತ್ತಾ ಓಡುತ್ತದೆ.

ಹೋದ ವಾರ ಊಟ ತರುವ ಡೆಲಿವರಿ ಹುಡುಗನೊಬ್ಬ ನಮ್ಮ ಗೇಟಿನ ಮುಂದೆಯೇ ಬಿದ್ದ. ಭೀಮ ಪಕ್ಕಕ್ಕೆ ಬಂದ ಕೂಡಲೇ ಅವನು ಗಾಬರಿಯಾಗಿ ಕಾಲು ಎತ್ತಿ ಒದೆಯೋಕೆ ಹೋದ. ಹ್ಯಾಂಡಲ್ ತಿರುಗಿತು, ಮರಳಿನ ಮೇಲೆ ಗಾಡಿ ಜಾರಿತು. ಮೊಣಕೈ ಕಿತ್ತು ಹೋಗಿತ್ತು. ಮೀನಖಂಡದ ಮೇಲೆ ಎರಡು ಗೀರು, ಅದರಲ್ಲಿ ರಕ್ತ. ಹಲ್ಲು ತಾಗಿದ್ದೋ ಗಾಡಿ ತಾಗಿದ್ದೋ ಗೊತ್ತಾಗಲಿಲ್ಲ. ನಮ್ಮ ನಲ್ಲಿ ಹತ್ತಿರ ಕೂರಿಸಿ ತೊಳೆದೆ. ಅವನಿಗೆ ಗಾಯದ ಚಿಂತೆ ಇಲ್ಲ, ಸಾರು ಚೆಲ್ಲಿದ ಕವರ್ ಹಿಡಿದುಕೊಂಡು "ಅಕ್ಕ, ಆರ್ಡರ್ ಕ್ಯಾನ್ಸಲ್ ಆದರೆ ನನ್ನ ದುಡ್ಡಲ್ಲೇ ಹಿಡೀತಾರೆ" ಅಂತಿದ್ದ. ಆಸ್ಪತ್ರೆಗೆ ಹೋಗಪ್ಪ ಅಂದರೆ ಹೂಂ ಅಂದು ಹೊರಟೇಬಿಟ್ಟ.

ಆಂಟಿಗೆ ಹೇಳಿದೆ. "ಅದು ಕಚ್ಚಲ್ಲಮ್ಮ, ಸುಮ್ನೆ ಆಟ ಆಡುತ್ತೆ" ಅಂದರು. ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದುಕೊಟ್ಟವರು. ಇತ್ತ ನಮ್ಮ ಕ್ರಾಸಿನವರೇ ಒಬ್ಬರು "ಮಾಂಸದಲ್ಲಿ ಏನಾದರೂ ಇಟ್ಟರೆ ಕಥೆ ಮುಗಿಯುತ್ತೆ" ಅಂತ ಬಹಿರಂಗವಾಗಿ ಹೇಳಿಕೊಂಡು ತಿರುಗುತ್ತಿದ್ದಾರೆ. ನನಗೆ ಅದೂ ಬೇಡ, ಇನ್ನೊಬ್ಬ ಹುಡುಗ ಬೀಳೋದೂ ಬೇಡ. ಬೀಳುವವರೆಲ್ಲ ಪೇಪರ್ ಹಾಕುವವರು, ಡೆಲಿವರಿಯವರು. ನಿಂತು ಕೇಳೋಕೆ ಅವರಿಗೆ ಪುರುಸೊತ್ತೂ ಇಲ್ಲ, ಧೈರ್ಯವೂ ಇಲ್ಲ. ಅವರ ಪರವಾಗಿ ಯಾರಾದರೂ ಕೇಳಲೇಬೇಕು. ಎಲ್ಲಿಂದ ಶುರು ಮಾಡಲಿ?

ತುರಹಳ್ಳಿ ಸವಾರ

ಮೇಡಂ, ಮೊದಲು ಆ ಹುಡುಗನ ವಿಷಯ. ಊಟ ತರಿಸಿದ ಮನೆಯವರ ಫೋನಿನಲ್ಲಿ ಅವನ ಕಾಲ್ ಬಂದಿರುತ್ತದೆ. ಆ ನಂಬರ್ ಹುಡುಕಿ ಇವತ್ತೇ ಮಾತಾಡಿ. ರಕ್ತ ಬಂದ ಗೀರು ಅಂದರೆ ಹಲ್ಲಿನದೇ ಅಂದುಕೊಂಡು ನಡೆದುಕೊಳ್ಳಬೇಕು. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು, ಅರಿಶಿನ ಸುಣ್ಣ ಏನೂ ಮೆತ್ತಬಾರದು, ಅದೇ ದಿನ ಲಸಿಕೆ ಶುರು ಮಾಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ಚರ್ಮದೊಳಗೆ ಕೊಡುವ ಇಂಜೆಕ್ಷನ್ ಆದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಅಂತ ಇನ್ನೊಂದು ಔಷಧ ಗಾಯದ ಸುತ್ತಲೇ ಚುಚ್ಚುತ್ತಾರೆ, ಅದನ್ನು ಕೇಳಿ ಹಾಕಿಸಿಕೊಳ್ಳಲಿ. ನಾಯಿಯನ್ನು 10 ದಿನ ನೋಡೋಣ, ಆಮೇಲೆ ಲಸಿಕೆ ಅಂತ ಕಾಯೋದು ಬೇಡ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳೋದು ಅಸಾಧ್ಯ ಅಂತಲೇ ಹೇಳಬೇಕು.

ಇನ್ನು ಗಾಡಿ ಓಡಿಸುವವರಿಗೆ. ನಾನು ಕನಕಪುರ ರಸ್ತೆ ಕಡೆ ಬೆಳಗಿನ ಜಾವ ಸೈಕಲ್ ತುಳಿಯುವವನು, ನಾಯಿಗಳ ಕಾಟ ಚೆನ್ನಾಗಿ ಗೊತ್ತು. ಜೋರಾಗಿ ಓಡಿಸಿ ತಪ್ಪಿಸಿಕೊಳ್ಳೋಣ ಅನ್ನಿಸುತ್ತದೆ. ಅದೇ ಅದಕ್ಕೆ ಬೇಕಾದ್ದು. ನೀವು ಓಡಿದಷ್ಟೂ ಅದು ಓಡುತ್ತದೆ. ನೀವು ಕಣ್ಮರೆ ಆದ ಮೇಲೆ "ನಾನೇ ಓಡಿಸಿದೆ" ಅಂತ ಅದಕ್ಕೆ ಅನ್ನಿಸುತ್ತದೆ, ಮಾರನೇ ದಿನ ಇನ್ನೂ ಹುರುಪು. ಸ್ಪೀಡ್ ಪೂರ್ತಿ ಇಳಿಸಿ, ನೇರವಾಗಿ ಹೋಗಬೇಕು. ಹ್ಯಾಂಡಲ್ ಆ ಕಡೆ ಈ ಕಡೆ ಎಳೆಯಬಾರದು. ಮುಂದೆ ಅಡ್ಡ ಬಂದರೆ ನಿಲ್ಲಿಸಿಬಿಡಿ. ಗಟ್ಟಿ ದನಿಯಲ್ಲಿ "ಏಯ್, ಹೋಗು" ಅಂದರೆ ಬಹಳ ನಾಯಿಗಳು ಅಲ್ಲೇ ನಿಲ್ಲುತ್ತವೆ. ಸೈಕಲ್ ಆದರೆ ಇಳಿದು, ನಮಗೂ ನಾಯಿಗೂ ಮಧ್ಯೆ ಸೈಕಲ್ ಇಟ್ಟುಕೊಂಡು ನಿಧಾನವಾಗಿ ನಡೆಯಬೇಕು. ಬಾಟಲಿ ನೀರು ಮುಖಕ್ಕೆ ಚಿಮ್ಮಿಸಿದರೂ ಹಿಂದೆ ಸರಿಯುತ್ತದೆ. ಒದೆಯೋದು ಮಾತ್ರ ಬೇಡ. ಬ್ಯಾಲೆನ್ಸ್ ತಪ್ಪುತ್ತದೆ, ಕಾಲನ್ನು ನಾವೇ ಅದರ ಬಾಯಿ ಹತ್ತಿರ ಕೊಂಡೊಯ್ದ ಹಾಗೂ ಆಗುತ್ತದೆ. ಕಚ್ಚಿದ್ದಕ್ಕಿಂತ ಬಿದ್ದ ಪೆಟ್ಟೇ ಎಷ್ಟೋ ಸಲ ದೊಡ್ಡದು. ನಿಮ್ಮ ಹತ್ತಿರ ಬಟ್ಟೆ ಕೊಡೋಕೆ ಬರುವವರಿಗೆ ಇದನ್ನು ಹೇಳಿ, ಹೆಲ್ಮೆಟ್ ಹಾಕಿಕೊಂಡೇ ಬರಲಿ.

ಆದರೆ ಇದೆಲ್ಲ ಗಾಡಿಯವರ ಕೆಲಸ. ಅದನ್ನು ನಿಲ್ಲಿಸಬೇಕಾದವರು ಸಾಕಿದವರೇ.

ಘಟಪ್ರಭಾ ದಂಡೆ

ಅಕ್ಕಾರ, ನಾನು ಮುಧೋಳ ಕಡೆಯವನು, ಈಗ ನಾಗರಬಾವಿಯಲ್ಲಿದ್ದೇನೆ. ನಿಮ್ಮ ಪೋಸ್ಟ್ ಓದಿ ಮನಸ್ಸಿಗೆ ಬೇಜಾರಾಯಿತು, ಹುಡುಗನಿಗೂ, ನಾಯಿಗೂ.

ಇದು ಮೂಸಿ ನೋಡಿಕೊಂಡು ಹೋಗುವ ಜಾತಿ ಅಲ್ಲ. ಕಣ್ಣಿನಿಂದ ಬೇಟೆ ಆಡುವ ನಾಯಿ. ಹೊಲದಲ್ಲಿ ಮೊಲ ಎದ್ದು ಓಡಿದರೆ ಬೆನ್ನು ಹತ್ತಲಿ ಅಂತಲೇ ನಮ್ಮ ಹಿರಿಯರು ಬೆಳೆಸಿಕೊಂಡು ಬಂದ ತಳಿ. ಕಣ್ಣೆದುರು ಏನಾದರೂ ಸರ್ರನೆ ಹೋಯಿತು ಅಂದರೆ ಅದರ ಕಾಲು ನಿಲ್ಲಲ್ಲ. ಅದಕ್ಕೇ ನಡೆಯುವವರನ್ನು ಬಿಟ್ಟು ಗಾಡಿಯ ಹಿಂದೆ ಬೀಳುತ್ತದೆ. ಅಂಥ ನಾಯಿಯನ್ನು 30-40 ಸೈಟಿನ ಮನೆಯ ಗೇಟಿನ ಹಿಂದೆ ಇಟ್ಟು, ದಿನವಿಡೀ ಗಾಡಿ ಓಡಾಡೋದನ್ನು ಗ್ರಿಲ್ ಸಂದಿಯಿಂದ ನೋಡಿಸಿದರೆ ಹುಚ್ಚು ಹಿಡಿದ ಹಾಗೇ ಆಗುತ್ತದೆ. ಹಸಿದವನ ಮುಂದೆ ಎಲೆ ಹಾಕಿ, ಬಡಿಸಿ, ಕೈ ಕಟ್ಟಿದ ಹಾಗೆ.

ಆದ್ದರಿಂದ ಮೊದಲನೇ ಕೆಲಸ, ಗೇಟಿಗೆ ಕೆಳಗಿನಿಂದ ಎದೆ ಎತ್ತರದವರೆಗೆ ಶೀಟ್ ಹೊಡೆಸಿ. ರಸ್ತೆ ಕಾಣಬಾರದು. ಸದ್ದು ಕೇಳಿ ಬೊಗಳಬಹುದು, ಆದರೆ ಓಡುವುದು ಕಣ್ಣಿಗೆ ಬೀಳದಿದ್ದರೆ ಅರ್ಧ ಆವೇಶ ಇಳಿಯುತ್ತದೆ. ಅಗುಳಿ ಬದಲಾಯಿಸಿ, ಅದು ಹೇಗೂ ಆಗಲೇಬೇಕು.

ಎರಡನೇದು ಓಟ. ಗೇಟು ತೆಗೆದು ಬಿಡೋದು ಓಟ ಅಲ್ಲ, ಅಲ್ಲೇ ತಾನೇ ಈ ಚಟ ಕಲಿತಿದ್ದು. ಬೆಳಗ್ಗೆ ಐದೂವರೆಗೆ, ಗಾಡಿ ಕಡಿಮೆ ಇರುವಾಗ, ಗಟ್ಟಿ ಬೆಲ್ಟ್ ಹಾಕಿ ಯಾರಾದರೂ ಹರೆಯದ ಹುಡುಗರು ಒಂದು ಗಂಟೆ ಕರೆದುಕೊಂಡು ಹೋಗಲಿ. ಪುಣೆಯ ಮಗ ತಿಂಗಳಿಗಿಷ್ಟು ಅಂತ ಕೊಟ್ಟು ಒಬ್ಬರನ್ನು ಗೊತ್ತು ಮಾಡಲಿ. ಕಾಂಪೌಂಡ್ ಇರುವ ಖಾಲಿ ಸೈಟ್ ಸಿಕ್ಕರೆ ಮಾಲೀಕರನ್ನು ಕೇಳಿ ಒಳಗೆ ಬಿಡಲಿ, ಮನಸಾರೆ ಓಡಲಿ. ಓಡಿ ದಣಿದ ಮುಧೋಳ ನಾಯಿಯಷ್ಟು ಸಾಧು ಇನ್ನೊಂದಿಲ್ಲ, ಮಧ್ಯಾಹ್ನವೆಲ್ಲ ಮಲಗುತ್ತದೆ.

ಮೂರನೇದು ಅಭ್ಯಾಸ. ಗಾಡಿ ದೂರದಲ್ಲಿ ಕಾಣುವಷ್ಟು ಅಂತರದಲ್ಲಿ, ಹಗ್ಗ ಕೈಯಲ್ಲಿ ಹಿಡಿದು ಕೂರಿಸಬೇಕು. ಗಾಡಿ ಹೋದಾಗ ಎಗರದೆ ನಮ್ಮ ಮುಖ ನೋಡಿದರೆ ಒಂದು ಚೂರು ಬೇಯಿಸಿದ ಕೋಳಿ. ಎಗರಿದರೆ ಹೊಡೆಯಬೇಡಿ, ಇನ್ನೂ ದೂರ ಹೋಗಿ ಶುರು ಮಾಡಿ. ದಿನ ಕಳೆದಂತೆ ಹತ್ತಿರ ಬರಬೇಕು. ಈ ನಾಯಿ ಹೇಳಿದ ಮಾತು ಕೇಳಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. 2016ರಲ್ಲಿ ನಮ್ಮ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಿಂದ ಸೇನೆಯವರು ಮರಿಗಳನ್ನು ತೆಗೆದುಕೊಂಡು ಹೋಗಿ ಮೀರತ್‌ನಲ್ಲಿ ತರಬೇತಿ ಕೊಟ್ಟರು. ಕಲಿಸುವವರಿಗೆ ತಾಳ್ಮೆ ಬೇಕು ಅಷ್ಟೇ.

ಸಂಜೆ ಹೊತ್ತು ಹೊರಗೆ ಕರೆದೊಯ್ಯಲೇಬೇಕಾದರೆ ಸದ್ಯಕ್ಕೆ ಬಾಯಿಗೆ ಕುಕ್ಕೆ ಹಾಕಿ. ಉಸಿರಾಡೋಕೆ, ನೀರು ಕುಡಿಯೋಕೆ ಆಗುವಂಥ ಬುಟ್ಟಿ ಆಕಾರದ್ದು.

ಬಸವೇಶ್ವರನಗರ

ಇಷ್ಟೊಂದು ನಾಜೂಕು ಯಾಕೆ? ನಮ್ಮ ತಂದೆ ಇದೇ ರೀತಿ ಸ್ಕೂಟರಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆ ಮನೆಯವರೂ "ಕಚ್ಚಲ್ಲ" ಅಂತಲೇ ಹೇಳುತ್ತಿದ್ದರು. ತಂದೆ ಈಗಲೂ ವಾಕರ್ ಹಿಡಿದೇ ಓಡಾಡುತ್ತಾರೆ. ಗಂಜಿ ಕೊಟ್ಟ ಋಣ ಬೇರೆ, ಇದು ಬೇರೆ. ಮೊದಲು ದೂರು ಕೊಡಿ, ಸಂಬಂಧ ಆಮೇಲೆ ಸರಿಹೋಗುತ್ತದೆ.

ಕೋರ್ಟು ಕಚೇರಿ

ಮೇಲಿನವರ ನೋವು ಅರ್ಥವಾಗುತ್ತದೆ. ದೂರು ಕೊಡೋ ಮುಂಚೆ ಕಾನೂನು ಏನು ಹೇಳುತ್ತದೆ ಅಂತ ಗೊತ್ತಿದ್ದರೆ ಮಾತಿಗೆ ತೂಕ ಬರುತ್ತದೆ.

ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅನ್ವಯಿಸುತ್ತದೆ. 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಇದು 289 ಆಗಿತ್ತು, ಆಗ ದಂಡ 1,000 ರೂಪಾಯಿವರೆಗೆ ಮಾತ್ರ. ದೂರು ಸ್ಥಳೀಯ ಪೊಲೀಸ್ ಠಾಣೆಗೆ. ವಿಡಿಯೋ, ದಿನಾಂಕ, ಬಿದ್ದವರ ಆಸ್ಪತ್ರೆ ಚೀಟಿ ಇದ್ದರೆ ಒಳ್ಳೆಯದು. ಪಾಲಿಕೆಗೆ 1533ಕ್ಕೆ ಫೋನ್ ಮಾಡಬಹುದು. ಆದರೆ ನಾಯಿ ಹಿಡಿಯುವ ಗಾಡಿ ಬಂದು ಕರೆದೊಯ್ಯುತ್ತದೆ ಅಂದುಕೊಳ್ಳಬೇಡಿ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಆಪರೇಷನ್ ಮಾಡಿ, ಲಸಿಕೆ ಹಾಕುವ ಆ ವ್ಯವಸ್ಥೆ ಇರುವುದು ಬೀದಿನಾಯಿಗಳಿಗೆ. ಸಾಕಿದ ನಾಯಿಯ ಹೊಣೆ ಸಾಕಿದವರದ್ದೇ.

ವಿಷದ ಮಾತಾಡುವವರಿಗೆ ಇದನ್ನು ತೋರಿಸಿ: ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ ಅದೇ ಸಂಹಿತೆಯ 325ನೇ ಕಲಂ, 5 ವರ್ಷದವರೆಗೆ ಜೈಲು. ಹಾಗೆಯೇ ಅಂಕಲ್ ಹೆದರಿಕೊಂಡು ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿ ಹಾಕಿದರೆ ಅದೂ ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಅದನ್ನು ಹಿಂಸೆ ಅಂತಲೇ ಹೇಳುತ್ತದೆ. ಯಾವಾಗಲೂ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರೋದೂ ಅದರಲ್ಲಿ ಬರುತ್ತದೆ.

ನನ್ನ ಸಲಹೆ: ಆಂಟಿ ಹತ್ತಿರ ಹೇಳಿದ್ದಾಯಿತು. ಈಗ ಪುಣೆಯ ಮಗನಿಗೆ ನೇರವಾಗಿ ಫೋನ್ ಮಾಡಿ. ನಾಯಿ ಅವನದು. ಶೀಟ್, ಅಗುಳಿ, ವಾಕಿಂಗ್ ಹುಡುಗ, ಲಸಿಕೆ ಇಷ್ಟನ್ನೂ ಒಂದು ವಾರದಲ್ಲಿ ಮಾಡಿಸು, ಇಲ್ಲದಿದ್ದರೆ ಬೀದಿಯವರೆಲ್ಲ ಸಹಿ ಹಾಕಿ ಠಾಣೆಗೆ ಕೊಡುತ್ತೇವೆ ಅಂತ ಸ್ಪಷ್ಟವಾಗಿ ಹೇಳಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ.

ವಿದ್ಯಾರಣ್ಯಪುರ ಟೈಲರ್

ಎಲ್ಲರಿಗೂ ತುಂಬಾ ಧನ್ಯವಾದ. ಆ ಹುಡುಗನ ನಂಬರ್ ಸಿಕ್ಕಿತು. ಹಿಂದಿನ ಬೀದಿಯವರ ಆರ್ಡರ್ ಅದು. ಅವನು ಇಂಜೆಕ್ಷನ್ ತೆಗೆದುಕೊಂಡಿರಲಿಲ್ಲ. ನಮ್ಮ ಯಜಮಾನರು ಜೊತೆಗೆ ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲನೇದು ಹಾಕಿಸಿಕೊಂಡು ಬಂದರು. ಮುಂದಿನ ತಾರೀಕುಗಳನ್ನು ಅವನ ಫೋನಿನಲ್ಲೇ ಬರೆಸಿದ್ದಾರೆ.

ಮಗನಿಗೆ ಫೋನ್ ಮಾಡಿದೆ. ಯಾರೋ ಬಿದ್ದ ವಿಷಯ ಅಪ್ಪ ಅಮ್ಮ ಅವನಿಗೆ ಹೇಳಿಯೇ ಇರಲಿಲ್ಲ. ಲಸಿಕೆ ಕಾರ್ಡ್ ಹುಡುಕಿಸಿದ, ರೇಬಿಸ್ ಲಸಿಕೆಯ ತಾರೀಕು ದಾಟಿ ಹೋಗಿತ್ತು. ಡಾಕ್ಟರನ್ನು ಮನೆಗೇ ಕರೆಸಿ ಹಾಕಿಸಿದರು. ಇಂಜೆಕ್ಷನ್ ಆಯಿತಲ್ಲ ಅಂತ ಸುಮ್ಮನಾಗಬೇಡಿ, ಇನ್ನೂ ಕೆಲವು ದಿನ ನಾಯಿ ಹೇಗಿದೆ ಅಂತ ನೋಡುತ್ತಿರಿ ಅಂತಲೂ ಆ ಡಾಕ್ಟರ್ ಹೇಳಿದ್ದಾರೆ. ಹುಡುಗನ ಆಸ್ಪತ್ರೆ ಓಡಾಟ, ಗಾಡಿ ರಿಪೇರಿ ದುಡ್ಡು ತಾನೇ ಕೊಡುತ್ತೇನೆ ಅಂದ.

ಆಂಟಿ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಮಗನಿಗೆ ಚಾಡಿ ಹೇಳಿದಳು ಅಂತ ಅವರಿಗೆ ಬೇಸರ. ಇರಲಿ. ಬಸವೇಶ್ವರನಗರದವರೇ, ನಿಮ್ಮ ತಂದೆಯವರ ಮಾತು ಓದಿದ ಮೇಲೆ ನನಗೆ ಹಿಂಜರಿಕೆ ಉಳಿಯಲಿಲ್ಲ. ಅವರು ಬೇಗ ಸುಧಾರಿಸಲಿ.

ಈಗ ವೆಲ್ಡಿಂಗ್ ಅಂಗಡಿಯವರು ನಾಳೆ ಅಳತೆ ತೆಗೆದುಕೊಳ್ಳೋಕೆ ಬರುತ್ತಾರೆ. ಅಗುಳಿ ಎಂಥದ್ದು ಹಾಕಿಸಬೇಕು ಅಂತ ಅಂಕಲ್ ನನ್ನನ್ನೇ ಕೇಳುತ್ತಿದ್ದಾರೆ. ಘಟಪ್ರಭಾ ಅಣ್ಣ, ನೀವು ಹೇಳಿ.

ಘಟಪ್ರಭಾ ದಂಡೆ

ಒಳ್ಳೆ ಕೆಲಸ ಮಾಡಿದಿರಿ ಅಕ್ಕಾರ.

ಎತ್ತುವ ಅಗುಳಿ ಬೇಡ. ಅಡ್ಡಕ್ಕೆ ಜಾರಿಸಿ, ಹಿಡಿಯನ್ನು ಕೆಳಕ್ಕೆ ಮಡಚುವ ಚಿಲಕ ಹಾಕಿಸಿ, ಮೂತಿಯಿಂದ ಅದನ್ನು ತೆಗೆಯೋದು ಕಷ್ಟ. ಅದನ್ನೂ ನಾಯಿಯ ಮೂತಿ ಸಿಗದಷ್ಟು ಮೇಲೆ, ಹೊರಗಿನ ಕಡೆಗೆ. ಅಂಕಲ್ ಒಳಗಿನಿಂದ ಕೈ ಹಾಕಿ ತೆಗೆಯುವಂತಿರಲಿ. ಗೇಟಿಗೂ ನೆಲಕ್ಕೂ ನಡುವಿನ ಸಂದಿಯನ್ನು ಮರೆಯಬೇಡಿ, ಗದ್ದ ಊರಿಕೊಂಡು ಮಲಗುತ್ತದೆ ಅಂದಿರಲ್ಲ, ಶೀಟನ್ನು ಅಲ್ಲಿಯವರೆಗೂ ಇಳಿಸಲಿ. ಹಾಲಿನವರು, ಪೇಪರಿನವರು ಗೇಟು ಹಾಕದೆ ಹೋಗುತ್ತಾರೆ, ಅದಕ್ಕೆ ಕೀಲಿನ ಹತ್ತಿರ ಒಂದು ಸ್ಪ್ರಿಂಗ್ ಕೂರಿಸಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಮಳೆನೀರು ಹೋಗೋಕೆ ಒಂದು ಮೂಲೆಯಲ್ಲಿ ಸಣ್ಣ ತೂತು ಬಿಡಿಸಿ.

ಈ ಭಾನುವಾರ ಬೆಳಗ್ಗೆ ನಾನು ಆ ಕಡೆ ಬರುವವನಿದ್ದೇನೆ. ಅಂಕಲ್ ಒಪ್ಪಿದರೆ ಭೀಮನನ್ನು ಒಂದು ಸುತ್ತು ಕರೆದುಕೊಂಡು ಹೋಗಿ, ಹಗ್ಗ ಹೇಗೆ ಹಿಡಿಯಬೇಕು ಅಂತ ಆ ವಾಕಿಂಗ್ ಹುಡುಗನಿಗೆ ತೋರಿಸಿಕೊಡುತ್ತೇನೆ. ಕೇಳಿ ಹೇಳಿ.