ಬಸ್ ಸ್ಟ್ಯಾಂಡಿನಲ್ಲಿರುವ ಒಬ್ಬರಿಗೆ ಸಹಾಯ ಮಾಡಬೇಕು, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ರಾಣೆಬೆನ್ನೂರಿನ ಸದಸ್ಯರು): ಮೇಡಂ, ನಾವು ಏಳೆಂಟು ಜನ ಗೆಳೆಯರು. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರು ತಿಂಗಳುಗಟ್ಟಲೆಯಿಂದ ಇದ್ದಾರೆ. ತಮ್ಮಷ್ಟಕ್ಕೆ ತಾವೇ ಮಾತಾಡುತ್ತಾರೆ, ತಮ್ಮ ಚೀಲಗಳನ್ನು ಮುಟ್ಟಲು ಬಿಡುವುದಿಲ್ಲ. ಕಾಲಲ್ಲಿ ಗಾಯ ಇದೆ. ಸ್ನಾನ ಮಾಡಿಸಿ ಕೂದಲು ತೆಗೆಸೋಣ ಅಂದುಕೊಂಡಿದ್ದೇವೆ. ಮುಂದೆ ಟ್ರಸ್ಟ್ ಮಾಡಿ ಇಂಥವರಿಗೆ ಒಂದು ಆಶ್ರಮ ಕಟ್ಟುವ ಆಸೆಯೂ ಇದೆ. ಒಬ್ಬರು ಜಾಗ ಕೊಡುತ್ತೇನೆ ಅಂದಿದ್ದಾರೆ.

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ): ಮೊದಲು ಗಾಯ ನೋಡಿ. ಹುಳ ಬಿದ್ದಿದ್ದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಸ್ನಾನ, ಕ್ಷೌರಕ್ಕೆ ಅವಸರ ಬೇಡ. ನಾಲ್ಕು ಜನ ಸೇರಿ ಹಿಡಿದು ಕೂದಲು ಕತ್ತರಿಸಿದರೆ ಆ ಮನುಷ್ಯ ನಿಮ್ಮನ್ನು ಮತ್ತೆ ನಂಬುವುದಿಲ್ಲ. ಆ ಚೀಲಗಳನ್ನೂ ಎಸೆಯಬೇಡಿ, ಅವರ ಪಾಲಿಗೆ ಅದೇ ಆಸ್ತಿ.

ನಿಮ್ಮಲ್ಲಿ ಒಬ್ಬರೇ ದಿನಾ ಅದೇ ಹೊತ್ತಿಗೆ ಹೋಗಿ, ಟೀ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತುಕೊಳ್ಳಿ. ಕೆಲವು ದಿನ ಕಳೆದ ಮೇಲೆ ಊರಿನ ಮಾತು ತೆಗೆಯಿರಿ. ತಾಲ್ಲೂಕು, ಜಿಲ್ಲೆ ಹೇಳಲಾಗದವರೂ ಸಂತೆ ಯಾವ ವಾರ, ಜಾತ್ರೆ ಯಾವ ದೇವರದ್ದು ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ. ಅಷ್ಟು ಸಿಕ್ಕರೆ ಊರು ಹುಡುಕಬಹುದು. ಕನ್ನಡ ಬಾರದವರಾದರೆ ಹತ್ತಿರದ ಹೋಟೆಲಿನಲ್ಲಿ ಕೆಲಸ ಮಾಡುವ ಬಿಹಾರ, ಒಡಿಶಾ ಕಡೆಯ ಹುಡುಗರನ್ನು ಕರೆದು ಮಾತಾಡಿಸಿ.

ಪ್ರಶ್ನೆ: ಸ್ಟೇಷನ್ನಿಗೆ ಹೋಗಿದ್ದೆವು. "ನೀವೇ ಯಾವುದಾದರೂ ಆಶ್ರಮಕ್ಕೆ ಬಿಡಿ" ಅಂದರು.

ಉತ್ತರ: ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಅಂತ ಅದರಲ್ಲೇ ನಮೂದಿಸಿ. ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ತಪಾಸಣೆಗಾಗಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಣೆಯಾದವರ ಬಗ್ಗೆ ಎಫ್‌ಐಆರ್ ಮಾಡಿ ಮನೆಯವರನ್ನು ಹುಡುಕುವುದೂ ಅವರದೇ ಹೊಣೆ. ಕಲಂ ತೋರಿಸಿ, ಆದರೆ ಜಗಳ ಬೇಡ. ಅದೇ ಪೇದೆಯ ಸಹಾಯ ನಾಳೆಯೂ ಬೇಕಾಗುತ್ತದೆ.

ಪ್ರಶ್ನೆ: ಆಸ್ಪತ್ರೆಯಲ್ಲಿ ಸಂಬಂಧಿಕರು ಸಹಿ ಹಾಕಬೇಕು ಅಂದರೆ?

ಉತ್ತರ: ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ಸಂಬಂಧಿಕರು, ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನು ಅಥವಾ ಅವರು ಸೂಚಿಸಿದವರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲುವವರಾಗಿ, ಮಾಡಬಹುದು ಅನ್ನುತ್ತದೆ 14ನೇ ಕಲಂ. ಅದು ಆಗುವ ತನಕ, ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯನ್ನು ವೈದ್ಯರು ತಾತ್ಕಾಲಿಕವಾಗಿ ಬಳಸಿಕೊಳ್ಳಬಹುದು. ಟ್ರಸ್ಟ್ ನೋಂದಣಿ ಮಾಡಿಸಲು ಇದೊಂದೇ ಕಾರಣ ಸಾಕು. ಜಿಲ್ಲಾಸ್ಪತ್ರೆಯಲ್ಲಿ ಆಗದಿದ್ದರೆ ನಿಮಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಇನ್ನು ಆಶ್ರಮದ ಮಾತು. ಆ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೂ ಈಗ ಕಟ್ಟಬೇಡಿ ಅಂತಲೇ ಹೇಳುತ್ತೇನೆ. ಮಾನಸಿಕ ಕಾಯಿಲೆ ಇರುವವರನ್ನು ಇಟ್ಟುಕೊಂಡು ಆರೈಕೆ ಮಾಡುವ ಜಾಗಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಬೇಕು. ಅದಕ್ಕಿಂತ ದೊಡ್ಡ ಭಯ ಬೇರೆ. ಕಟ್ಟಡ ಇದ್ದರೆ ತುಂಬುತ್ತದೆ. ತುಂಬಿದ ಮೇಲೆ ಅನ್ನ, ಬಟ್ಟೆ, ಕರೆಂಟು ಬಿಲ್ಲಿನಲ್ಲೇ ನಿಮ್ಮ ದಿನ ಮುಗಿಯುತ್ತದೆ. ಒಳಗಿದ್ದವರು ಒಳಗೇ ಉಳಿಯುತ್ತಾರೆ.

ನಿಜವಾದ ಕೆಲಸ ಇರುವುದು ಅವರು ಮನೆ ಸೇರಿದ ಮೇಲೆ. "ಈಗ ಚೆನ್ನಾಗಿದ್ದಾನಲ್ಲ" ಅಂತ ಮನೆಯವರೇ ಮಾತ್ರೆ ನಿಲ್ಲಿಸುತ್ತಾರೆ. ಇಲ್ಲವೇ ಮಾತ್ರೆಯ ಮಂಪರಿಗೆ ಹೊಲದ ಕೆಲಸ ಸಾಗದೆ ಕಾಯಿಲೆ ಇದ್ದವರೇ ಬಿಡುತ್ತಾರೆ. ಮಾತ್ರೆ ತರಲು ಹೋದರೆ ಅವತ್ತಿನ ಕೂಲಿ ಹೋಯಿತು. ಕೆಲವು ತಿಂಗಳಲ್ಲಿ ಮತ್ತೆ ಯಾವುದೋ ರೈಲು ಹತ್ತಿರುತ್ತಾರೆ. ಅದಕ್ಕೇ ನಿಮ್ಮ ಸಂಸ್ಥೆಯ ಮೊದಲ ಸಂಬಳ ವಾರ್ಡನ್‌ಗೆ ಬೇಡ, ವಾರವಾರ ಫೋನ್ ಮಾಡಿ "ಮಾತ್ರೆ ಎಷ್ಟು ಉಳಿದಿದೆ ಅಮ್ಮಾ?" ಅಂತ ಕೇಳುವವರಿಗೆ ಇರಲಿ. ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಬರೆದಿಟ್ಟುಕೊಳ್ಳಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹೋಗುವ ಮುಂಚೆ ಒಮ್ಮೆ ಕೇಳಿಕೊಳ್ಳಿ. ರಾತ್ರಿ ಹೊತ್ತು ಮನೆಯವರಿಗೆ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹೋಗಲು ಮನೆಯೇ ಇಲ್ಲದವರು?

ಉತ್ತರ: ಇರುತ್ತಾರೆ. ಮನೆಯವರು ಬಾಗಿಲು ತೆಗೆಯದವರೂ ಇರುತ್ತಾರೆ, ಹೆಣ್ಣುಮಕ್ಕಳಲ್ಲಿ ಜಾಸ್ತಿ ನೋಡಿದ್ದೇನೆ. ಚೆನ್ನೈನಲ್ಲಿ 1993ರಲ್ಲಿ ಶುರುವಾದ ದಿ ಬನ್ಯನ್ ಸಂಸ್ಥೆ ಇಂಥವರಿಗೆ ಸಾಮಾನ್ಯ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದು, ನಾಲ್ಕೈದು ಜನರನ್ನು ಒಂದು ಸಂಸಾರದ ಹಾಗೆ ಇರಿಸುತ್ತದೆ. ಅಡುಗೆ, ಅಂಗಡಿ, ಪಕ್ಕದ ಮನೆಯ ಹರಟೆ ಎಲ್ಲ ಉಂಟು. ಜಾಗ ಕೊಡುವ ನಿಮ್ಮ ದಾನಿಗಳಿಗೆ ಇದನ್ನು ಹೇಳಿ ನೋಡಿ. ಒಂದು ಮನೆ ಬಾಡಿಗೆ ಕೊಟ್ಟರೂ ದೊಡ್ಡ ಉಪಕಾರ.

ಪ್ರಶ್ನೆ: ದಾನಿಗಳಿಗೆ ತೋರಿಸಲು ಮೊದಲು-ಆಮೇಲೆ ವಿಡಿಯೋ ಬೇಕಲ್ವಾ ಮೇಡಂ?

ಉತ್ತರ: ಬೇಡ. ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅಂತ ಕಾಯ್ದೆಯೇ ಹೇಳುತ್ತದೆ. ಬಟ್ಟೆಯ ಮೇಲೆ ನಿಗಾ ಇಲ್ಲದ ಸ್ಥಿತಿಯಲ್ಲಿದ್ದವರ ವಿಡಿಯೋ ನಾಳೆ ಅವರ ತಂಗಿಯ ಮದುವೆ ಮಾತುಕತೆಯಲ್ಲಿ ಯಾರದೋ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ದಾನಿಗಳಿಗೆ ಖರ್ಚಿನ ಲೆಕ್ಕ ಕಳಿಸಿ. ಜೊತೆಗೆ, ಮನೆ ಸೇರಿದವರಲ್ಲಿ ವರ್ಷದ ನಂತರವೂ ಎಷ್ಟು ಜನ ಮನೆಯಲ್ಲೇ ಇದ್ದಾರೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಬರೆಯಿರಿ. ಗಾಯದ ವಿಷಯ ಏನಾಯಿತು ಅಂತ ನಾಳೆ ಇಲ್ಲೇ ತಿಳಿಸಿ.