ಓದುಗರ ಸ್ಪಂದನ: ಕೇಳದೆ ತಲೆ ಮುಟ್ಟಿದವರು

(ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಯುವತಿಯೊಬ್ಬರು ಕಳೆದ ಬಾರಿ ಬರೆದಿದ್ದರು: ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು. ಗುರುತಿಲ್ಲದವರು ‘ಇದು ನಿಜವಾದ ಕೂದಲೇ?’, ‘ಯಾವ ದೇಶ?’ ಎನ್ನುತ್ತಾರೆ. ಕೆಲವರು ಕೇಳದೆಯೇ ಮುಟ್ಟುತ್ತಾರೆ. ಒಂದು ದಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಅಜ್ಜಿಯೊಬ್ಬರ ಕೈ ತಳ್ಳಿ ಗದರಿಬಿಟ್ಟೆ. ಅಂದಿನಿಂದ ಸಮಾಧಾನವಿಲ್ಲ. ನಾನು ಮಾಡಿದ್ದು ತಪ್ಪೇ?)

ಹಿರಿಯರಿಗೆ ಗದರಿದ್ದು ತಪ್ಪು. ನಾಲ್ಕು ಮಾತು ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ನಗುತ್ತಾ ಉತ್ತರಿಸುವುದನ್ನು ಕಲಿಯಿರಿ.
— ನಿವೃತ್ತ ಉದ್ಯೋಗಿ, ದಾವಣಗೆರೆ

(ಇದೇ ಅಭಿಪ್ರಾಯದ ಇನ್ನೆರಡು ಪತ್ರಗಳು ಬಂದಿವೆ. ಮುಂದಿನ ಪತ್ರ ದೀರ್ಘವಾಗಿದೆ. ಅದರ ಒಂದು ಸಾಲನ್ನೂ ಕತ್ತರಿಸಲು ಮನಸ್ಸು ಬರಲಿಲ್ಲ. — ಸಂ.)

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನೂ ಸಿದ್ದಿಯೇ, ಹಳಿಯಾಳ ತಾಲ್ಲೂಕಿನವಳು, ಐವತ್ತರ ಹತ್ತಿರ ಬಂದಿದ್ದೇನೆ. ಚಿಕ್ಕವಳಿದ್ದಾಗ ಭಾನುವಾರ ತಲೆಸ್ನಾನವಾದ ಮೇಲೆ ಆಯಿ ಹೊಸ್ತಿಲ ಮೇಲೆ ಕೂತು, ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು, ಕೂದಲು ಒದ್ದೆ ಇರುವಾಗಲೇ ಬೆರಳಿನಿಂದ ಸಿಕ್ಕು ಬಿಡಿಸುತ್ತಿದ್ದಳು. ತುದಿಯಿಂದ ಶುರುಮಾಡಿ ಬುಡಕ್ಕೆ ಬರಬೇಕು. ನಮ್ಮ ಕೂದಲಿನ ಸುರುಳಿಯಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ. ಒಣಗಿದಾಗ ಬಾಚಿದರೆ ಎಳೆ ತುಂಡಾಗುತ್ತದೆ. ಓದು ಬಾರದ ಆಯಿಗೆ ಇದೆಲ್ಲ ಗೊತ್ತಿತ್ತು.

ಹನ್ನೊಂದನೇ ವಯಸ್ಸಿಗೆ ಹಾಸ್ಟೆಲ್ ಸೇರಿದೆ. ಅಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ನನ್ನ ತಲೆಯಲ್ಲಿ ಎರಡು ಸಲ ಮುರಿಯಿತು. ‘ಇದೇನು ಕೂದಲೋ ತೆಂಗಿನ ನಾರೋ’ ಎಂದ ಮೇಲ್ವಿಚಾರಕಿ ಕತ್ತರಿ ತರಿಸಿ ಬುಡಮಟ್ಟ ಕತ್ತರಿಸಿದರು. ಸುತ್ತ ನಿಂತಿದ್ದ ಹುಡುಗಿಯರು ನೆಲದ ಮೇಲಿನ ಸುರುಳಿಗಳನ್ನು ಎತ್ತಿ ಎಳೆದು ನೋಡಿದರು. ಬಿಟ್ಟೊಡನೆ ಮತ್ತೆ ಸುತ್ತಿಕೊಳ್ಳುತ್ತದೆಂದು ಅವರಿಗೆ ಖುಷಿಯೋ ಖುಷಿ.

ದೀಪಾವಳಿ ರಜೆಗೆ ತಲೆಗೆ ಟವೆಲ್ ಸುತ್ತಿಕೊಂಡು ಊರಿಗೆ ಹೋದೆ. ಆಯಿ ಏನೂ ಕೇಳಲಿಲ್ಲ. ಭಾನುವಾರ ಎಂದಿನಂತೆ ಹೊಸ್ತಿಲಲ್ಲಿ ಕೂತು ಕರೆದಳು. ಬಿಡಿಸಲು ಸಿಕ್ಕೇ ಇರಲಿಲ್ಲ. ಅಂಗೈಗೆ ಎಣ್ಣೆ ಹಚ್ಚಿಕೊಂಡು ಬಹಳ ಹೊತ್ತು ತಲೆ ಸವರುತ್ತಾ ಕೂತಳು.

2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದೆವು. ಆಮೇಲೆ ಮಗನ ಪ್ರಮಾಣಪತ್ರಕ್ಕೆ ಹೋದರೆ, ಗುಮಾಸ್ತರು ಕಾಗದ ಬಿಚ್ಚುವ ಮೊದಲೇ ಅವನ ತಲೆ ನೋಡಿ ‘ಸಾಕ್ಷಿ ಇಲ್ಲೇ ಇದೆಯಲ್ಲ’ ಎಂದು ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ಗಂಟಲಲ್ಲಿ ಚುಚ್ಚುತ್ತದೆ. ನೀನು ಆ ಕೈ ತಳ್ಳಿದ್ದನ್ನು ಓದಿದಾಗ ಹಾಸ್ಟೆಲ್‌ನ ಆ ಹುಡುಗಿಗೆ ಈಗ ಧೈರ್ಯ ಬಂದ ಹಾಗಾಯಿತು. ಬೆಂಗಳೂರಿನಿಂದ ಊರಿಗೆ ಬರುವಾಗ ನಮ್ಮ ಮನೆಗೆ ಬಾ.
— ಒಬ್ಬ ತಾಯಿ, ಹಳಿಯಾಳ ತಾಲ್ಲೂಕು

ಸಹೋದರಿ, ದಾಸವಾಳದ ಎಲೆ ಅರೆದು ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ಹಾಕಿ. ಕೂದಲು ಮೃದುವಾದರೆ ಜನ ಕೇಳುವುದನ್ನೂ ಬಿಡುತ್ತಾರೆ.
— ಹಿತೈಷಿ, ಶಿವಮೊಗ್ಗ

(ಕಾಳಜಿಗೆ ಕೃತಜ್ಞತೆ. ಪತ್ರ ಬರೆದವರು ಮದ್ದು ಕೇಳಿರಲಿಲ್ಲ. — ಸಂ.)

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ನರ್ಸ್. ನನ್ನ ಕಪ್ಪು ಸಹೋದ್ಯೋಗಿ ಸಣ್ಣ ಜಡೆಗಳನ್ನು ಹೆಣೆಸಿಕೊಳ್ಳಲು ಐದಾರು ಗಂಟೆ ಕೂರುತ್ತಾಳೆ. ‘ಇದನ್ನು ತೊಳೆಯುವುದು ಹೇಗೆ?’ ಎಂದು ರೋಗಿಗಳ ಕಡೆಯವರು ಕೇಳಿದರೆ ‘ನೀವು ಹೇಗೆ ತೊಳೆಯುತ್ತೀರಿ?’ ಎಂದು ಶಾಂತವಾಗಿ ಕೇಳಿ ಕೆಲಸ ಮುಂದುವರಿಸುತ್ತಾಳೆ. ಕೈ ಬಂದರೆ ಮಾತ್ರ ಹಿಂದೆ ಸರಿದು ‘ಬೇಡ’ ಎನ್ನುತ್ತಾಳೆ. ಈ ದೇಶದಲ್ಲಿ ಇದು ಹಳೆಯ ಗಾಯ. ಲೂಸಿಯಾನ ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1786ರಲ್ಲಿ, ಕಪ್ಪು ಮಹಿಳೆಯರು ಕೂದಲು ಕಾಣದಂತೆ ತಲೆಗೆ ಬಟ್ಟೆ ಕಟ್ಟಬೇಕೆಂದು ಗವರ್ನರ್ ಮಿರೋ ಆಜ್ಞೆ ಹೊರಡಿಸಿದ; ಅವರು ಬಣ್ಣಬಣ್ಣದ ಬಟ್ಟೆಯನ್ನೇ ಚೆಂದವಾಗಿ ಸುತ್ತಿ ಕಟ್ಟಿಕೊಂಡರು. 2018ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಶಾಲಾ ಕುಸ್ತಿಪಟುವೊಬ್ಬನ ಜಡೆಗಳನ್ನು ‘ಕತ್ತರಿಸದಿದ್ದರೆ ಪಂದ್ಯ ಬಿಡು’ ಎಂದು ಅಖಾಡದ ಪಕ್ಕದಲ್ಲೇ ಕತ್ತರಿಸಲಾಯಿತು. ಸರಿಯಾಗಿ ಒಂದು ವರ್ಷಕ್ಕೆ ಇಲ್ಲಿ ಕ್ರೌನ್ ಕಾಯ್ದೆ ಬಂತು. ಕ್ಯಾಲಿಫೋರ್ನಿಯಾ 2019ರ ಜುಲೈನಲ್ಲೇ ತಂದಿತ್ತು. ಈ ಕಾಯ್ದೆಯಂತೆ ಕೂದಲಿನ ನೆಪದಲ್ಲಿ ಶಾಲೆ, ಕೆಲಸದ ಜಾಗದಲ್ಲಿ ಭೇದ ಮಾಡುವಂತಿಲ್ಲ. ಕರ್ನಾಟಕದ ಹಾಸ್ಟೆಲ್‌ಗಳಿಗೂ ಇಂಥ ನಿಯಮ ಬೇಕು.
— ಅನಿವಾಸಿ ಕನ್ನಡತಿ

(ಪ್ರಶ್ನೆ ಬಸ್ಸಿನದು. ಆದರೂ ಹಾಸ್ಟೆಲ್‌ನ ಮಾತನ್ನು ಸಂಬಂಧಪಟ್ಟವರು ಗಮನಿಸಲಿ. — ಸಂ.)

ಮಗಳೇ, ನನಗೆ ಎಪ್ಪತ್ತೆರಡು. ಮಾರುಕಟ್ಟೆಯಲ್ಲಿ ಆಫ್ರಿಕಾದಿಂದ ಓದಲು ಬಂದ ಹುಡುಗಿಯೊಬ್ಬಳ ಜಡೆಗಳನ್ನು ನಾನೂ ಮುಟ್ಟಿದ್ದೇನೆ, ಪ್ರೀತಿಯಿಂದಲೇ. ಅವಳು ನಕ್ಕಳು, ಒಪ್ಪಿದಳು ಎಂದುಕೊಂಡೆ. ನಿನ್ನ ಪತ್ರ ಓದಿದ ಮೇಲೆ ನೆನಪಾಯಿತು: ಯಜಮಾನರು ತೀರಿಕೊಂಡ ವರ್ಷ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರೆಲ್ಲ ಮೊದಲು ನನ್ನ ಹಣೆ ನೋಡಿ ಆಮೇಲೆ ಪ್ರಶ್ನೆ ಶುರುಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಆ ಅಜ್ಜಿಯ ಚಿಂತೆ ಬಿಡು. ನಿನ್ನ ಹೆಸರೇನೆಂದು ಅವರು ಕೇಳಿದ್ದರೇ?
— ತುಮಕೂರು

(ಹಳಿಯಾಳದ ತಾಯಿಯ ವಿಳಾಸವನ್ನು, ಅವರ ಒಪ್ಪಿಗೆ ಕೇಳಿ ಪಡೆದು, ಯಲ್ಲಾಪುರದ ಯುವತಿಗೆ ಕಳುಹಿಸಿದ್ದೇವೆ. — ಸಂ.)