ಸಹಾಯ ಬೇಕು: ಹೊಡೆಯದೆ ಮಗು ಬೆಳೆಸುತ್ತಿರುವ ಅಪ್ಪ-ಅಮ್ಮನಿಗೆ ಕನ್ನಡದಲ್ಲಿ ಆಪ್ತಸಲಹೆ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಬನಶಂಕರಿಯಲ್ಲಿ. ಮಗಳಿಗೆ ನಾಲ್ಕು ವರ್ಷ. ಹೊಡೆಯುವುದು, ಹೆದರಿಸುವುದು ಬೇಡ ಅಂತ ನಾನೂ ನನ್ನ ಗಂಡನೂ ಮೊದಲೇ ಮಾತಾಡಿಕೊಂಡಿದ್ದೇವೆ. ಅದರಲ್ಲಿ ಬದಲಾವಣೆ ಇಲ್ಲ.

ಕಷ್ಟ ಆಗುತ್ತಿರುವುದು ನನ್ನ ಮನಸ್ಸಿಗೆ. ಬೆಳಿಗ್ಗೆ ಸ್ಕೂಲ್ ವ್ಯಾನ್ ಕೆಳಗೆ ಹಾರ್ನ್ ಹೊಡೆಯುತ್ತಿರುತ್ತದೆ. ಇವಳು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ತಳ್ಳಿ ಅಳುತ್ತಾ ಕೂರುತ್ತಾಳೆ. ಪಕ್ಕದಲ್ಲಿ ಕೂತು "ಸಿಟ್ಟು ಬಂತಾ ಕಂದಾ?" ಅಂತ ಕೇಳುತ್ತೇನೆ. ಅಷ್ಟರಲ್ಲಿ ಅತ್ತೆ, "ಒಂದು ಏಟು ಕೊಟ್ಟರೆ ಎಲ್ಲ ಸರಿಹೋಗುತ್ತೆ ಕಣಮ್ಮ" ಅನ್ನುತ್ತಾರೆ. ಅವರಿಗೆ ಮೊಮ್ಮಗಳೆಂದರೆ ಪ್ರಾಣ, ಅದು ಗೊತ್ತು. ಆದರೆ ಎಲ್ಲವನ್ನೂ ನುಂಗಿಕೊಂಡು ಆಫೀಸ್ ಕೆಲಸಕ್ಕೆ ಕೂರುವಾಗ ಕೈ ನಡುಗುತ್ತಿರುತ್ತದೆ. ರಾತ್ರಿ ಅವಳು ಮಲಗಿದ ಮೇಲೆ ಸುಮ್ನೆ ಅಳು ಬರುತ್ತೆ. ಮಗುವಿನ ಮನಸ್ಸಿನ ಬಗ್ಗೆ ಹೇಳುವವರು ಜಾಸ್ತಿ, ಅಮ್ಮನನ್ನು ಕೇಳುವವರು ಕಡಿಮೆ ಅಲ್ವಾ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೆ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ಹಗುರವಾಯಿತು. ಈಗ ಎದುರು ಕೂತು ಮಾತಾಡುವ ನೆರವು ಬೇಕು. ಬಿಟಿಎಂ ಲೇಔಟ್‌ನಲ್ಲಿರುವ ನಿಮ್ಹಾನ್ಸ್ ಸೆಂಟರ್ ಫಾರ್ ವೆಲ್ ಬೀಯಿಂಗ್‌ಗೆ ಯಾರಾದರೂ ಹೋಗಿದ್ದೀರಾ? ಅಪಾಯಿಂಟ್‌ಮೆಂಟ್ ಹೇಗೆ ತಗೋಬೇಕು? ಶನಿವಾರ ಸಿಗುತ್ತಾ? ಗಂಡ ಹೆಂಡತಿ ಒಟ್ಟಿಗೆ ಹೋಗಬಹುದಾ?

ಜಯನಗರ, ಬಸವನಗುಡಿ ಕಡೆ ಅಪ್ಪ-ಅಮ್ಮಂದಿರು ಸೇರಿ ಕನ್ನಡದಲ್ಲಿ ಮಾತಾಡುವ ಗುಂಪಿದ್ದರೂ ತಿಳಿಸಿ. ಮನೆಯ ಹಿರಿಯರಿಗೆ ನೋವಾಗದಂತೆ ನೀವು ಹೇಗೆ ಹೇಳಿದಿರಿ, ಅದನ್ನೂ ದಯವಿಟ್ಟು ಬರೆಯಿರಿ.